ಕೇಳದ ಮಾತಿನ ಹೊಣೆ

ಮಾತು ಆಡಿದವನ ಬಾಯಲ್ಲಿ ಮುಗಿಯುವುದೋ, ಕೇಳುವವನ ಕಿವಿಯಲ್ಲಿ ಮುಗಿಯುವುದೋ ಎಂಬ ಪ್ರಶ್ನೆಯು ಹೊಸದಲ್ಲ. ಎದುರುಬದುರಾಗಿ ಕುಳಿತು ಮಾತನಾಡುವವರಿಗೆ ಇದು ಏಳುವ ಸಂದರ್ಭವೇ ಕಡಮೆ. ಹೇಳಿದವನ ನಾಲಗೆ ನಿಲ್ಲುವುದಕ್ಕೂ ಕೇಳಿದವನ ಮುಖವು ಅರಳುವುದಕ್ಕೋ ಬಾಡುವುದಕ್ಕೋ ನಡುವೆ ಒಂದು ಕ್ಷಣದ ಅಂತರವೂ ಇರುವುದಿಲ್ಲ. ಆದರೆ ಆಡಿದ ಮಾತು ಒಂದು ಪೆಟ್ಟಿಗೆಯಲ್ಲಿ ಕಾದು ಕುಳಿತಿದ್ದು, ಕೇಳಬೇಕಾದವನು ಬೇರೊಂದು ದಿನ ಬಂದು ಅದನ್ನು ಎತ್ತಿಕೊಳ್ಳಬೇಕೆಂಬ ಏರ್ಪಾಡು ಲೋಕದಲ್ಲಿ ಬಂದ ಮೇಲೆ, ಆ ಎರಡು ಕ್ಷಣಗಳ ನಡುವೆ ದೊಡ್ಡದೊಂದು ಬಯಲು ಬಿದ್ದಿದೆ. ಆ ಬಯಲಿನಲ್ಲಿ ಎಷ್ಟೋ ಮಾತುಗಳು ಕಳೆದುಹೋಗುತ್ತವೆ. ಅವುಗಳೊಡನೆ ಎಷ್ಟೋ ವಿಶ್ವಾಸಗಳೂ ಕಳೆದುಹೋಗುತ್ತವೆ. ಹಾಗೆ ಕಳೆದುದಕ್ಕೆ ಹೊಣೆ ಯಾರದು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಈ ಏರ್ಪಾಡಿಗೆ ವಾಯ್ಸ್‌ಮೇಲ್ ಎಂದು ಹೆಸರು, ಕನ್ನಡದಲ್ಲಿ ಧ್ವನಿಯಂಚೆಯೆನ್ನಬಹುದು. ಇದರ ಬೀಜವು ಬಹು ಹಿಂದಿನದು. 1898ರಲ್ಲಿ ಡೆನ್ಮಾರ್ಕ್ ದೇಶದ ವಾಲ್ಡೆಮಾರ್ ಪೌಲ್ಸೆನ್ ಎಂಬಾತನು ಉಕ್ಕಿನ ತಂತಿಯ ಮೇಲೆ ಅಯಸ್ಕಾಂತಶಕ್ತಿಯಿಂದ ಧ್ವನಿಯನ್ನು ಮುದ್ರಿಸುವ ಟೆಲಿಗ್ರಾಫೋನ್ ಎಂಬ ಯಂತ್ರವನ್ನು ಕಲ್ಪಿಸಿದನು. ಮನೆಯಲ್ಲಿಲ್ಲದವನ ಟೆಲಿಫೋನಿಗೆ ಬಂದ ಮಾತನ್ನು ಹಿಡಿದಿಡುವುದು ಅದರ ಉದ್ದೇಶಗಳಲ್ಲೊಂದಾಗಿದ್ದಿತು. 1900ರಲ್ಲಿ ಪ್ಯಾರಿಸ್ ನಗರದ ಮಹಾಪ್ರದರ್ಶನದಲ್ಲಿ ಆ ತಂತಿಯ ಮೇಲೆ ಮುದ್ರಿತವಾದ ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫನ ಧ್ವನಿಯು ಇಂದಿಗೂ ಉಳಿದಿದೆ. ಅನಂತರ ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್ ಎಂಬಾತನು 1979ರಲ್ಲಿ ಅರ್ಜಿ ಹಾಕಿ 1983ರಲ್ಲಿ ಹಕ್ಕುಪತ್ರವನ್ನು ಪಡೆದ ವ್ಯವಸ್ಥೆಯಲ್ಲಿ, ಗಣಕಯಂತ್ರವೇ ಅನೇಕರ ಪರವಾಗಿ ಮಾತನ್ನು ಕೇಳಿ ಕಾಪಾಡಿ ಒಪ್ಪಿಸತೊಡಗಿತು. 2007ರಲ್ಲಿ ಐಫೋನು ಬಂದಾಗ, ಬಂದ ಮಾತುಗಳೆಲ್ಲ ಕಾಗದಗಳ ಕಟ್ಟಿನಂತೆ ಪಟ್ಟಿಯಾಗಿ ತೆರೆಯ ಮೇಲೆ ಕಾಣಿಸಿಕೊಂಡವು. ಭಾರತದಲ್ಲಿ ಈ ಪದ್ಧತಿ ಬೇರೂರಲಿಲ್ಲ. ಇಲ್ಲಿಯ ಜನರಿಗೆ ಮಿಸ್ಡ್ ಕಾಲ್ ಸಾಕಾಯಿತು. ಆದರೆ ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರ ಮನೆಗಳಿಗೆ ಇದು ನಿತ್ಯದ ವಸ್ತು. ಆ ಮನೆಗಳಿಗೆ ಊರಿನಿಂದ ಫೋನು ಮಾಡುವ ತಂದೆತಾಯಿಗಳಿಗೂ ಆ ಮಟ್ಟಿಗೆ ಇದರ ಪರಿಚಯ ಉಂಟು.

ಈ ಪೆಟ್ಟಿಗೆಯ ವಿಷಯದಲ್ಲಿ ಬಹುಮಂದಿ ಅರಿಯದಿರುವ ಮೊದಲ ಸಂಗತಿಯೆಂದರೆ, ಅದು ಕೈಯಲ್ಲಿರುವ ಫೋನಿನೊಳಗೆ ಇರುವುದಿಲ್ಲವೆಂಬುದು. ಅದು ದೂರವಾಣಿಯ ಕಂಪೆನಿಯ ಯಂತ್ರದಲ್ಲಿ, ಎಲ್ಲಿಯೋ ದೂರದಲ್ಲಿ, ಇರುತ್ತದೆ. ಫೋನು ಅದರ ಕೀಲಿಕೈ ಮಾತ್ರ. ಕರೆಯು ಆ ಪೆಟ್ಟಿಗೆಯ ಕಡೆಗೆ ತಿರುಗುವುದಕ್ಕೆ ಮೂರು ನಿಮಿತ್ತಗಳುಂಟು: ಕರೆದಾಗ ಯಾರೂ ಎತ್ತದಿರುವುದು, ಬೇರೊಬ್ಬರೊಡನೆ ಮಾತಿನಲ್ಲಿರುವುದು, ಫೋನು ಆರಿಹೋಗಿ ಅಥವಾ ಜಾಲದ ಹೊರಗಿದ್ದು ಸಿಕ್ಕದಿರುವುದು. ಜಿಎಸ್‌ಎಮ್ ಪದ್ಧತಿಯ ಜಾಲಗಳಲ್ಲಿ ಎಷ್ಟು ಹೊತ್ತು ಗಂಟೆ ಬಾರಿಸಿದ ಮೇಲೆ ಕರೆಯು ತಿರುಗಬೇಕೆಂಬುದನ್ನು 5 ಸೆಕೆಂಡಿನಿಂದ 30 ಸೆಕೆಂಡಿನವರೆಗೆ ಗೊತ್ತುಮಾಡಬಹುದು. ಮಾತು ಪೆಟ್ಟಿಗೆಯಲ್ಲಿ ಬಿದ್ದೊಡನೆ, ಜಾಲವು ಪ್ರತ್ಯೇಕವಾದ ಒಂದು ಸೂಚನೆಯನ್ನು ಫೋನಿಗೆ ಕಳುಹಿಸುತ್ತದೆ. ಆಗ ತೆರೆಯ ಮೇಲೆ ಒಂದು ಚಿಹ್ನೆ ಮೂಡುತ್ತದೆ. ಆದುದರಿಂದ ಮಾತೇ ಬೇರೆ, ಮಾತು ಬಂದಿದೆಯೆಂಬ ಸೂಚನೆಯೇ ಬೇರೆ. ಮಾತು ಇದ್ದು ಸೂಚನೆ ಬಾರದಿರಬಹುದು. ಸೂಚನೆ ಇದ್ದು ಮಾತು ಇಲ್ಲದಿರಲೂಬಹುದು.

ಇನ್ನು ದೃಷ್ಟಾಂತ. ಮಲೆನಾಡಿನ ಒಂದು ಹಳ್ಳಿಯಲ್ಲಿ ವೃದ್ಧ ದಂಪತಿಗಳಿದ್ದಾರೆಂದೂ, ಅವರ ಮಗನು ನ್ಯೂಜೆರ್ಸಿಯಲ್ಲಿ ಉದ್ಯೋಗದಲ್ಲಿದ್ದಾನೆಂದೂ ಭಾವಿಸಬಹುದು. ತಂದೆಯ ಮೊಬೈಲು ಕೆಟ್ಟಿತ್ತು. ಪಕ್ಕದ ಮನೆಯ ಫೋನಿನಿಂದ ಮಗನ ಸಂಖ್ಯೆಯನ್ನು ಒತ್ತಿಸಿದರು. ಅತ್ತಕಡೆಯಿಂದ ಮಗನದೇ ಧ್ವನಿ ಇಂಗ್ಲಿಷಿನಲ್ಲಿ, ತಾನು ಈಗ ದೊರೆಯಲಾರೆನೆಂದೂ ಮಾತನ್ನು ಬಿಟ್ಟರೆ ಮರಳಿ ಕರೆಯುವೆನೆಂದೂ ಹೇಳಿತು. ಕೂಗೊಂದು ಕೇಳಿಸಿದ ಮೇಲೆ ತಂದೆ ಮಾತನಾಡಿದರು: “ನಾನು ಕಣೋ, ಅಪ್ಪ. ಅಮ್ಮನಿಗೆ ಮುಂದಿನ ಸೋಮವಾರ ಕಣ್ಣಿನ ಆಪರೇಷನ್ನು ಅಂತ ಗೊತ್ತಾಗಿದೆ. ಅವಳಿಗೆ ಸ್ವಲ್ಪ ಹೆದರಿಕೆ. ಪುರುಸೊತ್ತಾದಾಗ ಒಂದು ಮಾತಾಡು.” ಸೋಮವಾರ ಬಂದಿತು, ಹೋಯಿತು. ಮಗನಿಂದ ಮಾತಿಲ್ಲ. ತಂದೆ ಮಗಳನ್ನು ಕರೆದು, ಇನ್ನು ಮುಂದೆ ಅವನಿಗೆ ಯಾವುದನ್ನೂ ತಿಳಿಸಕೂಡದೆಂದರು. ಮಗನಾದರೋ ಕೆಲವು ವಾರಗಳ ಹಿಂದೆ ದೂರವಾಣಿಯ ಕಂಪೆನಿಯನ್ನು ಬದಲಾಯಿಸಿದ್ದನು. ಪರಿಚಯವಿಲ್ಲದ ಸಂಖ್ಯೆಗಳ ಕರೆಗೆ ಗಂಟೆ ಬಾರಿಸದೆ ನೇರವಾಗಿ ಪೆಟ್ಟಿಗೆಗೆ ಕಳುಹಿಸುವಂತೆ, ವ್ಯಾಪಾರಿಗಳ ಕಾಟವನ್ನು ತಾಳಲಾರದೆ, ಫೋನಿಗೆ ಆಜ್ಞೆ ಕೊಟ್ಟಿದ್ದನು. ಹೊಸ ಪೆಟ್ಟಿಗೆಯ ಸೂಚನೆಗಳು ಫೋನಿಗೆ ಬರುತ್ತಲೇ ಇರಲಿಲ್ಲ. ತನಗೆ ಯಾರ ಮಾತೂ ಬಂದಿಲ್ಲವೆಂದೇ ಅವನು ನಂಬಿದ್ದನು. ಇಬ್ಬರಲ್ಲಿ ಅಪರಾಧಿ ಯಾರು?

ಪೂರ್ವಪಕ್ಷವು ಹೀಗೆ ಹೇಳುವುದು: ಅಪರಾಧಿ ಮಗನೇ. ಹೇಗೆಂದರೆ, ಮಾತನ್ನು ಬಿಡಿರಿ, ಮರಳಿ ಕರೆಯುತ್ತೇನೆ ಎಂದು ಅವನ ಧ್ವನಿಯೇ ಹೇಳಿದೆ. ಅದು ಬಾಗಿಲಲ್ಲಿ ತೂಗುಹಾಕಿದ ಅಲಂಕಾರವಲ್ಲ; ಅದೊಂದು ವಾಗ್ದಾನ. ವಾಗ್ದಾನವನ್ನು ನಂಬಿ ತಂದೆ ಮಾತನ್ನು ಒಪ್ಪಿಸಿದರು. ಪೆಟ್ಟಿಗೆಯಲ್ಲಿ ಬಿದ್ದುದೆಲ್ಲ ಪೆಟ್ಟಿಗೆಯ ಒಡೆಯನಿಗೆ ಸೇರಿದುದು. ತನ್ನ ಪೆಟ್ಟಿಗೆಯನ್ನು ತಾನು ತೆರೆಯಲಿಲ್ಲವೆಂಬುದು ಸಮಾಧಾನವಾಗಲಾರದು. ವ್ಯವಹಾರಶಾಸ್ತ್ರವೂ ಈ ಪಕ್ಷಕ್ಕೆ ಒಂದಿಷ್ಟು ಬೆಂಬಲವನ್ನು ಕೊಡುವಂತೆ ತೋರುತ್ತದೆ. ಭಾರತದ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 13ನೆಯ ಪ್ರಕರಣದ ಪ್ರಕಾರ, ಪಡೆಯುವವನು ಇಂಥದೇ ಗಣಕವ್ಯವಸ್ಥೆಗೆ ಕಳುಹಿಸಬೇಕೆಂದು ಗೊತ್ತುಪಡಿಸಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ವಿದ್ಯುನ್ಮಾನ ಲೇಖವು ಆ ವ್ಯವಸ್ಥೆಯನ್ನು ಹೊಕ್ಕಾಗಲೇ ಅವನಿಗೆ ಮುಟ್ಟಿದಂತೆ ಲೆಕ್ಕ. ಅವನು ಅದನ್ನು ನೋಡಿರಬೇಕೆಂಬ ನಿಯಮವಿಲ್ಲ.

ಆದರೆ ಅದೇ ವ್ಯವಹಾರಶಾಸ್ತ್ರವು ಬೇರೊಂದು ಕಡೆಯಲ್ಲಿ ಬೇರೆ ಬಗೆಯಾಗಿ ನುಡಿಯುವುದು. 1872ರ ಕರಾರು ಅಧಿನಿಯಮದ 4ನೆಯ ಪ್ರಕರಣದಲ್ಲಿ, ಪ್ರಸ್ತಾವವು ಯಾರಿಗೆ ಮಾಡಲ್ಪಟ್ಟಿತೋ ಅವನ ಅರಿವಿಗೆ ಬಂದಾಗ ಮಾತ್ರವೇ ಅದರ ನಿವೇದನೆ ಪೂರ್ಣವಾಯಿತೆಂದು ಹೇಳಿದೆ. 1966ರಲ್ಲಿ ಭಗವಾನ್‌ದಾಸ್ ಕೇಡಿಯಾ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಟೆಲಿಫೋನಿನಲ್ಲಿ ಆದ ಕರಾರು ಒಪ್ಪಿಗೆಯ ಮಾತು ಕಿವಿಗೆ ಬಿದ್ದ ಸ್ಥಳದಲ್ಲಿ ಸಿದ್ಧವಾಗುವುದೆಂದು ಬಹುಮತದಿಂದ ತೀರ್ಪಿತ್ತಿತು. ಎಂದರೆ ಶಾಸನಕ್ಕೂ ಮಾತಿನ ಪೂರ್ಣತೆ ಎಲ್ಲಿಯೆಂಬ ವಿಷಯದಲ್ಲಿ ಒಂದೇ ಉತ್ತರವಿಲ್ಲ. ವ್ಯವಹಾರವು ನಿಲ್ಲಬಾರದೆಂಬ ಕಾರಣಕ್ಕಾಗಿ ಅಲ್ಲಲ್ಲಿ ಒಂದೊಂದು ಗೆರೆಯನ್ನು ಎಳೆದಿದೆ, ಅಷ್ಟೆ. ನಷ್ಟವನ್ನು ಯಾರು ಹೊರಬೇಕೆಂಬುದಕ್ಕೆ ಆ ಗೆರೆಗಳು ಸಾಕು. ಯಾರ ಮೇಲೆ ಕೋಪಮಾಡಬಹುದೆಂಬುದಕ್ಕೆ ಅವು ಸಾಲವು. ಕೋಪಕ್ಕೆ ವಿಷಯವಾಗತಕ್ಕದ್ದು ನಷ್ಟವಲ್ಲ, ಮನಸ್ಸು. ಮನಸ್ಸನ್ನು ಅರಿಯುವುದಕ್ಕೆ ಪ್ರಮಾಣವೇನು?

ಇಲ್ಲಿ ಪ್ರಾಚೀನರ ಪ್ರಮಾಣವಿಚಾರವು ನೆರವಿಗೆ ಬರುತ್ತದೆ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬುದನ್ನು ಆರನೆಯ ಪ್ರಮಾಣವಾಗಿ ಎಣಿಸುತ್ತಾರೆ. ನೆಲದ ಮೇಲೆ ಗಡಿಗೆಯಿಲ್ಲವೆಂಬ ಜ್ಞಾನವು ಗಡಿಗೆ ಕಾಣದಿರುವುದರಿಂದ ಹುಟ್ಟುತ್ತದೆ ಎಂಬುದು ಅವರ ಮತ. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಒಪ್ಪದೆ ಪ್ರತ್ಯಕ್ಷಕ್ಕೆ ಸಹಕಾರಿಯೆನ್ನುತ್ತಾರೆ. ಆದರೆ ಒಂದು ವಿಷಯದಲ್ಲಿ ಇವರಿಗೆ ವಿವಾದವಿಲ್ಲ: ಕಾಣದಿರುವುದು ಇಲ್ಲದಿರುವುದಕ್ಕೆ ಸಾಧನವಾಗಬೇಕಾದರೆ, ಆ ಕಾಣದಿರುವಿಕೆಯು ಯೋಗ್ಯವಾಗಿರಬೇಕು. ಗಡಿಗೆ ಇದ್ದಿದ್ದರೆ ಕಾಣುತ್ತಿತ್ತು ಎಂದು ಹೇಳುವಂತಿದ್ದರೆ ಮಾತ್ರ, ಕಾಣಲಿಲ್ಲವಾದ್ದರಿಂದ ಇಲ್ಲವೆನ್ನಬಹುದು. ಹಗಲು ಬೆಳಕಿನಲ್ಲಿ ಈ ಮಾತು ಸಲ್ಲುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಅದು ಇಲ್ಲವೆನ್ನುವವನು ಅವಿವೇಕಿ; ಅಲ್ಲಿ ಇಲ್ಲದಿರುವುದು ಬೆಳಕು, ಗಡಿಗೆಯಲ್ಲ.

ದೃಷ್ಟಾಂತದ ತಂದೆಮಕ್ಕಳಿಬ್ಬರೂ ಕತ್ತಲೆಯ ಕೋಣೆಯಲ್ಲಿ ಇದ್ದವರೇ. ಚಿಹ್ನೆ ಕಾಣಲಿಲ್ಲ, ಆದ್ದರಿಂದ ಮಾತು ಬಂದಿಲ್ಲವೆಂದನು ಮಗ. ಮಾತು ಬಂದಿದ್ದರೆ ಚಿಹ್ನೆ ಕಾಣುತ್ತಿತ್ತೆ ಎಂದು ಅವನು ಕೇಳಿಕೊಳ್ಳಲಿಲ್ಲ. ಉತ್ತರ ಬರಲಿಲ್ಲ, ಆದ್ದರಿಂದ ವಿಶ್ವಾಸವಿಲ್ಲವೆಂದರು ತಂದೆ. ವಿಶ್ವಾಸವಿದ್ದಿದ್ದರೆ ಉತ್ತರ ಬಂದೇ ತೀರುತ್ತಿತ್ತೆ, ನಡುವೆ ತಡೆ ಇರಬಹುದಲ್ಲವೆ ಎಂದು ಅವರೂ ಕೇಳಿಕೊಳ್ಳಲಿಲ್ಲ. ಒಬ್ಬನ ತಪ್ಪು ಯಂತ್ರದ ವಿಷಯದಲ್ಲಿ, ಮತ್ತೊಬ್ಬರ ತಪ್ಪು ಮನುಷ್ಯನ ವಿಷಯದಲ್ಲಿ. ತರ್ಕದೋಷವು ಮಾತ್ರ ಒಂದೇ. ಆದರೆ ಅದರ ಫಲವು ಒಂದೇ ಅಲ್ಲ. ಯಂತ್ರದ ವಿಷಯದಲ್ಲಿ ತಪ್ಪಿದವನಿಗೆ ಒಂದು ಮಾತು ತಪ್ಪಿಹೋಗುತ್ತದೆ; ಮನುಷ್ಯನ ವಿಷಯದಲ್ಲಿ ತಪ್ಪಿದವನಿಗೆ ಮನುಷ್ಯನೇ ತಪ್ಪಿಹೋಗುತ್ತಾನೆ.

ಯಂತ್ರವನ್ನು ರಿಪೇರಿ ಮಾಡುವವರು ದೋಷವನ್ನು ಹುಡುಕುವ ಕ್ರಮವು ಇಲ್ಲಿ ಗಮನಾರ್ಹವಾದುದು. ವಾಯ್ಸ್‌ಮೇಲ್ ಬಾರದಿದ್ದರೆ ಅವರು ಮೊದಲು ಕಂಪೆನಿಯನ್ನು ಬೈಯುವುದಿಲ್ಲ. ಕೈಯಲ್ಲಿರುವ ಫೋನಿಗೆ ಜಾಲವು ಸಿಕ್ಕುತ್ತಿದೆಯೆ, ವಿಮಾನದಲ್ಲಿ ಇಡುವ ಸ್ಥಿತಿಯಲ್ಲಿ ಅದನ್ನು ಮರೆತು ಬಿಟ್ಟಿದೆಯೆ ಎಂದು ನೋಡುತ್ತಾರೆ. ಒಮ್ಮೆ ಆರಿಸಿ ಮತ್ತೆ ಹೊತ್ತಿಸುತ್ತಾರೆ. ಗಂಟೆಯನ್ನು ಅಡಗಿಸುವ ಆಜ್ಞೆಗಳನ್ನು ತಾವೇ ಕೊಟ್ಟಿರುವರೆ ಎಂದು ಪರೀಕ್ಷಿಸುತ್ತಾರೆ. ಅನಂತರ ದಾರಿಯನ್ನು ಶೋಧಿಸುತ್ತಾರೆ: ಜಿಎಸ್‌ಎಮ್ ಜಾಲವಾದರೆ *#61# ಎಂದು ಒತ್ತಿ, ಎತ್ತದ ಕರೆ ಯಾವ ಸಂಖ್ಯೆಗೆ ತಿರುಗುತ್ತದೆಂಬುದನ್ನೂ, *#67# ಎಂದು ಒತ್ತಿ ಮಾತಿನಲ್ಲಿರುವಾಗ ಬಂದ ಕರೆಯ ಗತಿಯನ್ನೂ, *#62# ಎಂದು ಒತ್ತಿ ಫೋನು ಸಿಕ್ಕದಿರುವಾಗ ಬಂದ ಕರೆಯ ಗತಿಯನ್ನೂ ತಿಳಿಯುತ್ತಾರೆ. ಚಿಹ್ನೆಯನ್ನು ನಂಬದೆ, 1ರ ಗುಂಡಿಯನ್ನು ಒತ್ತಿ ಹಿಡಿದು ಪೆಟ್ಟಿಗೆಗೇ ಕರೆಮಾಡಿ ಕೇಳುತ್ತಾರೆ. ಗುಪ್ತಸಂಖ್ಯೆ ಸರಿಯಾಗಿದೆಯೆ, ಪೆಟ್ಟಿಗೆ ತುಂಬಿ ಹೊಸ ಮಾತಿಗೆ ಎಡೆಯಿಲ್ಲದಂತಾಗಿದೆಯೆ ಎಂದು ವಿಚಾರಿಸುತ್ತಾರೆ. ಇಷ್ಟಾದ ಮೇಲೆ ಕಂಪೆನಿಯವರನ್ನು ಕೇಳುತ್ತಾರೆ. ಜಾಲದ ಏರ್ಪಾಡುಗಳನ್ನೆಲ್ಲ ಅಳಿಸಿ ಮೊದಲಿನಿಂದ ಬರೆಯುವ ಉಪಾಯವನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತಾರೆ. ಏಕೆಂದರೆ ಅದರಿಂದ, ನೆನಪಿನಲ್ಲಿದ್ದ ವೈಫೈ ಗುಪ್ತಪದಗಳೂ ಅಳಿಸಿಹೋಗುತ್ತವೆ. ತನ್ನ ಕಡೆ ಮೊದಲು, ದಾರಿ ಎರಡನೆಯದು, ಎದುರಿನವನು ಮೂರನೆಯವನು, ಎಲ್ಲವನ್ನೂ ಅಳಿಸುವುದು ಕೊನೆಯದು. ದೋಷವನ್ನು ಹುಡುಕುವ ಈ ಕ್ರಮವೇ ದೋಷವನ್ನು ಹೊರಿಸುವುದರಲ್ಲಿಯೂ ಧರ್ಮ್ಯವಾದ ಕ್ರಮ.

ಈ ಕ್ರಮವನ್ನು ಬಿಟ್ಟವನ ಗತಿಗೆ ಶಾಕುಂತಲಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ. ನಾಲ್ಕನೆಯ ಅಂಕದಲ್ಲಿ ದೂರ್ವಾಸರು ಆಶ್ರಮದ ಬಾಗಿಲಲ್ಲಿ ನಿಂತು, ತಾನು ಬಂದಿರುವೆನೆಂದು ಕೂಗಿದರು. ಒಳಗೆ ಕುಳಿತಿದ್ದವಳ ಶರೀರವು ಅಲ್ಲಿತ್ತು, ಮನಸ್ಸು ದುಷ್ಯಂತನ ಬಳಿಯಲ್ಲಿತ್ತು. ಕರೆಯು ಬಂದಿತು, ಕೇಳಲಿಲ್ಲ. ಮುನಿಯು ಇನ್ನೊಮ್ಮೆ ಕೂಗಲಿಲ್ಲ. ಹತ್ತಿರದಲ್ಲಿಯೇ ಹೂವನ್ನು ಕೊಯ್ಯುತ್ತಿದ್ದ ಸಖಿಯರನ್ನು ವಿಚಾರಿಸಲಿಲ್ಲ. ಅತಿಥಿಯನ್ನು ತಿರಸ್ಕರಿಸಿದಳೆಂದು ನಿಶ್ಚಯಿಸಿ, ಕಟ್ಟಕಡೆಗೆ ಮಾಡಬೇಕಾದುದನ್ನು ಮೊದಲೇ ಮಾಡಿದರು: ಒಬ್ಬನ ನೆನಪಿನಿಂದ ಒಬ್ಬಳನ್ನು ಪೂರ್ತಿಯಾಗಿ ಅಳಿಸಿದರು. ಕೇಳಿಸದಿದ್ದುದು ತಿರಸ್ಕಾರವೆಂದು ಭಾವಿಸಿದ ಒಂದು ಕ್ಷಣದ ಪ್ರಮಾದಕ್ಕೆ, ತಪ್ಪಿಲ್ಲದವರು ವರ್ಷಗಟ್ಟಲೆ ದುಃಖಪಟ್ಟರು.

ಅಲ್ಲಿಗೇ ಮುಗಿಯಲಿಲ್ಲ. ಆ ಶಾಪವನ್ನು ಕೇಳಿದವರು ಅನಸೂಯೆ ಪ್ರಿಯಂವದೆಯರು. ಸ್ವಭಾವದಿಂದ ಕೋಮಲೆಯಾದ ಗೆಳತಿಯು ಇದನ್ನು ತಾಳಲಾರಳೆಂದು ಅವರು ಅದನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಬೀಳ್ಕೊಡುವಾಗ, ಅರಸನು ಗುರುತಿಸದಿದ್ದರೆ ಉಂಗುರವನ್ನು ತೋರಿಸೆಂದು ಅರ್ಧವನ್ನು ಹೇಳಿ ಉಳಿದರ್ಧವನ್ನು ನುಂಗಿದರು. ಪೂರ್ತಿಯಾಗಿ ಹೇಳಿದ್ದರೆ ಅವಳು ಉಂಗುರವನ್ನು ಪ್ರಾಣದಂತೆ ಕಾಯುತ್ತಿರಲಿಲ್ಲವೆ? ಮಾತನ್ನು ತನ್ನಲ್ಲಿ ಇಟ್ಟುಕೊಂಡು, ಅದು ಇದೆಯೆಂಬ ಸೂಚನೆಯನ್ನು ಕೊಡದಿರುವ ಪೆಟ್ಟಿಗೆಗೂ ಆ ಸಖಿಯರಿಗೂ ಒಂದೇ ವ್ಯತ್ಯಾಸ: ಸಖಿಯರಿಗೆ ಕರುಣೆಯಿತ್ತು, ಯಂತ್ರಕ್ಕೆ ಅದೂ ಇಲ್ಲ. ಕರುಣೆಯಿಂದ ಮಾಡಿದ ಮರೆಯೂ ಅನರ್ಥವನ್ನು ತಂದಿತು. ಮಗನಿಗೆ ಇನ್ನೇನನ್ನೂ ತಿಳಿಸಬಾರದೆಂಬ ತಂದೆಯ ಆಜ್ಞೆಯನ್ನು ಪಾಲಿಸಿದ ಮಗಳ ಮೌನವೂ ಈ ಜಾತಿಗೆ ಸೇರಿದುದೇ. ಮಧ್ಯಸ್ಥನಾದವನು ಮಾತನ್ನು ಹಿಡಿದಿಡುವಾಗ, ತಾನು ಎರಡು ಕಡೆಯವರ ಕಣ್ಣನ್ನೂ ಕಟ್ಟುತ್ತಿರುವೆನೆಂಬುದನ್ನು ಮರೆಯಬಾರದು.

ಹಾಗಾದರೆ ಮಗನು ಸರ್ವಥಾ ನಿರ್ದೋಷಿಯೆ? ಹಾಗೆನ್ನಲಾಗದು. ಪೂರ್ವಪಕ್ಷದಲ್ಲಿ ಹೇಳಿದ ವಾಗ್ದಾನದ ಮಾತು ಇನ್ನೂ ಉತ್ತರವನ್ನು ಬೇಡುತ್ತಿದೆ. ಅಜ್ಞಾನವೆಂಬುದು ಎರಡು ಬಗೆ. ಅರಿಯಲು ಸಾಧ್ಯವೇ ಇಲ್ಲದಿದ್ದುದು ಒಂದು. ಅರಿಯಲು ಸಾಧ್ಯವಿದ್ದೂ ಅರಿಯುವ ಶ್ರಮವನ್ನು ವಹಿಸದಿದ್ದುದು ಇನ್ನೊಂದು. ಎರಡನೆಯದಕ್ಕೆ ಪ್ರಮಾದವೆಂದು ಹೆಸರು. ಅನ್ಯಮನಸ್ಕತೆಯು ಶಕುಂತಲೆಗೆ ತಾನಾಗಿ ಬಂದುದು. ಗಂಟೆಯನ್ನು ಅಡಗಿಸುವ ಆಜ್ಞೆಯನ್ನು ಮಗನು ತಾನೇ ಕೊಟ್ಟುದು. ಕಿವಿಯನ್ನು ಮುಚ್ಚಿಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟು. ದಿನವೂ ಬರುವ ವ್ಯಾಪಾರಿಗಳ ಕರೆಯನ್ನು ಯಾರೂ ಎತ್ತಲೇಬೇಕೆಂದಿಲ್ಲ. ಆದರೆ ಹಾಗೆ ಮುಚ್ಚಿಕೊಂಡವನಿಗೆ, ಆಗಾಗ ಪೆಟ್ಟಿಗೆಯನ್ನು ತೆರೆದು ನೋಡುವ ಕರ್ತವ್ಯವೂ ಅದರೊಡನೆಯೇ ಬರುತ್ತದೆ. ಹೊಸ ಕಂಪೆನಿಗೆ ಹೋದಾಗ ಹೊಸ ಪೆಟ್ಟಿಗೆಯನ್ನು ಸಿದ್ಧಮಾಡಿ, ಬೇರೊಂದು ಫೋನಿನಿಂದ ತನಗೆ ತಾನೇ ಒಂದು ಮಾತನ್ನು ಬಿಟ್ಟು, ಅದು ಬಂದು ಮುಟ್ಟುವುದೇ ಎಂದು ಪರೀಕ್ಷಿಸುವುದಕ್ಕೆ ಎರಡು ನಿಮಿಷ ಸಾಕು. ಅತಿಥಿಗಳನ್ನು ಆಹ್ವಾನಿಸಿ ಬಾಗಿಲ ಅಗಳಿಯನ್ನು ತೆಗೆಯಲು ಮರೆತವನಲ್ಲಿ ದ್ವೇಷವಿಲ್ಲ, ನಿಜ. ಆದರೆ ಅತಿಥಿಯು ಮಳೆಯಲ್ಲಿ ನೆನೆದನು.

ಬಾಗಿಲನ್ನು ತೆರೆಯುವುದರಷ್ಟೇ ಅದನ್ನು ಕಾಯುವುದೂ ಕರ್ತವ್ಯ. ಇಂಗ್ಲೆಂಡಿನಲ್ಲಿ ‘ನ್ಯೂಸ್ ಆಫ್ ದಿ ವರ್ಲ್ಡ್’ ಎಂಬ ವಾರಪತ್ರಿಕೆಯ ಕಡೆಯವರು ಅನೇಕರ ವಾಯ್ಸ್‌ಮೇಲನ್ನು ಕದ್ದು ಕೇಳಿದುದು ಬಯಲಾಗಿ, 1843ರಲ್ಲಿ ಹುಟ್ಟಿದ ಆ ಪತ್ರಿಕೆಯು 2011ರ ಜುಲೈ 10ರಂದು ಕೊನೆಯ ಸಂಚಿಕೆಯನ್ನು ತಂದು ನಿಂತುಹೋಯಿತು. ಆ ಕಳವಿಗೆ ಸುಲಭವಾಗಿ ಒದಗಿದ ದಾರಿಗಳಲ್ಲೊಂದು, ಕಂಪೆನಿಯು ಎಲ್ಲರಿಗೂ ಒಂದೇ ಆಗಿ ಕೊಟ್ಟಿದ್ದ ಗುಪ್ತಸಂಖ್ಯೆಯನ್ನು ಬಳಸುವವರು ಬದಲಾಯಿಸದೆ ಬಿಟ್ಟಿದ್ದುದು. ಪಾಪವು ಕದ್ದವರದು, ಸಂದೇಹವಿಲ್ಲ. ಆದರೆ ಪೆಟ್ಟಿಗೆಯಲ್ಲಿ ಇದ್ದುದು ಒಡೆಯನ ಮಾತಲ್ಲ, ಅವನನ್ನು ನಂಬಿ ಆಡಿದವರ ಮಾತು. ಪರರ ನಿಕ್ಷೇಪವನ್ನು ಇಟ್ಟುಕೊಂಡವನು ತನ್ನ ಸ್ವತ್ತಿಗಿಂತ ಹೆಚ್ಚು ಎಚ್ಚರದಿಂದ ಅದನ್ನು ಕಾಯಬೇಕೆಂಬುದು ಲೋಕಕ್ಕೆಲ್ಲ ತಿಳಿದ ನೀತಿ.

ಇನ್ನೊಂದು ಸೂಕ್ಷ್ಮವುಂಟು. ಐಫೋನಿನಲ್ಲಿ ಒಬ್ಬನ ಸಂಖ್ಯೆಯನ್ನು ತಡೆಹಿಡಿದರೆ, ಅವನ ಕರೆಗೆ ಗಂಟೆ ಬಾರಿಸುವುದಿಲ್ಲ. ಆದರೂ ಅವನು ಮಾತನ್ನು ಬಿಡಬಹುದು. ಆ ಮಾತು ತಡೆಹಿಡಿದವರ ಮಾತುಗಳಿಗೆಂದೇ ಇರುವ ಬೇರೊಂದು ಮೂಲೆಯಲ್ಲಿ, ಯಾವ ಸೂಚನೆಯೂ ಇಲ್ಲದೆ, ಬಿದ್ದಿರುತ್ತದೆ. ಜಗಳವಾಡಿ ದೂರವಾದ ಅಣ್ಣತಮ್ಮಂದಿರಲ್ಲಿ ಒಬ್ಬನು ಹೀಗೆ ತಡೆದನೆಂದೂ, ಇನ್ನೊಬ್ಬನು ಕ್ಷಮೆಯನ್ನು ಬೇಡಿ ಮಾತನ್ನು ಬಿಟ್ಟನೆಂದೂ ಇಟ್ಟುಕೊಂಡರೆ, ಕ್ಷಮಾಪಣೆಯು ಮುಚ್ಚಿದ ಬಾಗಿಲ ಹಿಂದೆಯೇ ಕುಳಿತಿರುವುದು. ಕಾಟಕೊಡುವವನನ್ನು ತಡೆಯುವುದು ನ್ಯಾಯವೇ. ಆದರೆ, ‘ಅವನು ಒಂದು ದಿನವೂ ತಪ್ಪೊಪ್ಪಿಕೊಳ್ಳಲಿಲ್ಲ’ ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಮೊದಲು, ಆ ಮೂಲೆಯನ್ನು ಒಮ್ಮೆ ನೋಡಬೇಕಾದುದು ಸತ್ಯಕ್ಕೆ ಸಲ್ಲಬೇಕಾದ ಋಣ. ನೋಡದೆ ಹೇಳಿದ ‘ಇಲ್ಲ’ವು ಸುಳ್ಳಿಗೆ ಬಹು ಹತ್ತಿರದ ನಂಟು.

ಹೇಳುವವನಿಗೂ ಧರ್ಮವುಂಟು. ಪದಗಳು ಒಂದರ ಬಳಿಯಲ್ಲೊಂದು ತಡವಿಲ್ಲದೆ ಉಚ್ಚರಿತವಾಗಬೇಕೆಂದೂ, ಜಾವಕ್ಕೊಂದರಂತೆ ಆಡಿದ ಪದಗಳಿಂದ ವಾಕ್ಯಾರ್ಥವು ಹುಟ್ಟದೆಂದೂ ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು. ಇದಕ್ಕೆ ಸನ್ನಿಧಿಯೆಂದು ಹೆಸರು. ಧ್ವನಿಯಂಚೆಯಲ್ಲಿ ಪದಕ್ಕೂ ಪದಕ್ಕೂ ಸನ್ನಿಧಿಯಿದೆ. ಹೇಳುವವನಿಗೂ ಕೇಳುವವನಿಗೂ ಇಲ್ಲ. ‘ಈಗಲೇ ಬಾ’ ಎಂಬ ಮಾತನ್ನು ಮೂರು ದಿನದ ಮೇಲೆ ಕೇಳಿದವನಿಗೆ ಆ ‘ಈಗ’ ಯಾವುದು? ಆದಕಾರಣ ಹೆಸರನ್ನೂ ದಿನವನ್ನೂ ಕಾರ್ಯವನ್ನೂ ಮರಳಿ ಕರೆಯಬೇಕಾದ ಸಂಖ್ಯೆಯನ್ನೂ ಸ್ಪಷ್ಟವಾಗಿ ಹೇಳಬೇಕು. ಪ್ರಾಣಕ್ಕೂ ಮಾನಕ್ಕೂ ಸಂಬಂಧಿಸಿದ ವಿಷಯವನ್ನು ಪೆಟ್ಟಿಗೆಯೊಂದಕ್ಕೇ ಒಪ್ಪಿಸಿ ಕೈತೊಳೆದುಕೊಳ್ಳಬಾರದು. ಇನ್ನೊಂದು ದಾರಿಯಿಂದಲೂ ಮುಟ್ಟಿಸಲು ಯತ್ನಿಸಬೇಕು. ಆಂಜನೇಯನು ಸೀತೆಗೆ ಉಂಗುರವನ್ನು ಕೊಟ್ಟುಬಂದುದರಿಂದಲೇ ದೌತ್ಯವು ಮುಗಿಯಲಿಲ್ಲ. ಅವಳ ಚೂಡಾಮಣಿಯನ್ನು ತಂದು ರಾಮನ ಕೈಯಲ್ಲಿ ಇಟ್ಟಾಗ ಮುಗಿಯಿತು. ಹೋದ ಮಾತಿಗೆ ಮರಳಿ ಬಂದ ಗುರುತು ಸೇರಿದಾಗಲೇ ಸಂದೇಶವು ಪೂರ್ಣ. ಸಾಮಾನ್ಯವಾದ ಧ್ವನಿಯಂಚೆಯಲ್ಲಿ ಆ ಚೂಡಾಮಣಿಯಿಲ್ಲ.

ವಾಟ್ಸ್‌ಆ್ಯಪಿನಲ್ಲಿ ಅದಿದೆಯಲ್ಲವೆ ಎನ್ನಬಹುದು. 2013ರಲ್ಲಿ ಅದರಲ್ಲಿ ಧ್ವನಿಸಂದೇಶವು ಬಂದಿತು. 2014ರಲ್ಲಿ ಓದಿದ ಗುರುತಾಗಿ ನೀಲಿಯ ಗೆರೆಗಳು ಬಂದವು. ಅದರಿಂದ ಒಂದು ಸಂದೇಹವು ಕಳೆದು ಇನ್ನೊಂದು ಹುಟ್ಟಿದೆ. ಕೇಳಿದನೋ ಇಲ್ಲವೋ ಎಂಬ ಚಿಂತೆ ಹೋಯಿತು. ಕೇಳಿಯೂ ಏಕೆ ಉತ್ತರಿಸಲಿಲ್ಲ ಎಂಬ ಚಿಂತೆ ಬಂದಿತು. ನೀಲಿಯ ಗೆರೆಯು ಕಿವಿಗೆ ಸಾಕ್ಷಿ, ಬಿಡುವಿಗೆ ಸಾಕ್ಷಿಯಲ್ಲ. ಮನಸ್ಸಿಗಂತೂ ಅಲ್ಲವೇ ಅಲ್ಲ. ಕೇಳಿದವನು ರೋಗಿಯ ಹಾಸಿಗೆಯ ಬಳಿ ಕುಳಿತಿರಬಹುದು; ಉತ್ತರಿಸಲು ತಕ್ಕ ಮಾತನ್ನು ಹುಡುಕುತ್ತಿರಬಹುದು. ಬೆಳಕು ಎಷ್ಟು ಹೆಚ್ಚಿದರೂ ಕತ್ತಲೆಯ ಒಂದು ಮೂಲೆ ಉಳಿದೇ ಇರುವುದು. ಆ ಮೂಲೆಯಲ್ಲಿ ದ್ವೇಷವನ್ನು ಕಲ್ಪಿಸುವುದೋ ಅಡ್ಡಿಯನ್ನು ಕಲ್ಪಿಸುವುದೋ ಎಂಬುದು ಮಾತ್ರ ಕಲ್ಪಿಸುವವನ ಸ್ವಾಧೀನದಲ್ಲಿದೆ.

ಇಂಥ ಮಾತುಗಳ ಬೆಲೆ ಎಷ್ಟೆಂಬುದು ಆಡಿದವರು ಹೋದ ಮೇಲೆ ತಿಳಿಯುತ್ತದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನಗಳಲ್ಲಿಯೂ ಗೋಪುರಗಳಲ್ಲಿಯೂ ಸಿಕ್ಕಿದ್ದವರಲ್ಲಿ ಕೆಲವರು ಮನೆಗೆ ಕರೆಮಾಡಿದರು. ಎತ್ತುವವರಿಲ್ಲದೆ ಯಂತ್ರದಲ್ಲಿ ಮಾತನ್ನು ಬಿಟ್ಟರು. ಅಂಥ ಧ್ವನಿಗಳು ನ್ಯೂಯಾರ್ಕಿನ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇವೆ. ಆದರೆ ಎಲ್ಲರ ಧ್ವನಿಗೂ ಆ ಭಾಗ್ಯವಿಲ್ಲ. ಕಂಪೆನಿಯ ಯಂತ್ರದಲ್ಲಿರುವ ಮಾತು ಗೊತ್ತಾದ ಅವಧಿ ಕಳೆದ ಮೇಲೆ ತಾನಾಗಿ ಅಳಿದುಹೋಗಬಹುದು. ಕಂಪೆನಿಯನ್ನು ಬದಲಾಯಿಸಿದವನ ಹಳೆಯ ಪೆಟ್ಟಿಗೆಯು ಹಿಂದೆಯೇ ಉಳಿಯುತ್ತದೆ. ಪ್ರಿಯರ ಧ್ವನಿ ಬೇಕಾದವರು ಅದನ್ನು ಬೇರೆ ತೆಗೆದು ಕಾಪಾಡಿಕೊಳ್ಳಬೇಕು, ಪೆಟ್ಟಿಗೆಯನ್ನು ನಂಬಬಾರದು.

ಈಗ ನಿರ್ಣಯ. ಕೇಳದ ಮಾತಿಗೆ ಉತ್ತರಿಸದವನು ತಿರಸ್ಕಾರದ ಅಪರಾಧಿಯಲ್ಲ. ಕೇಳುವೆನೆಂದು ಮಾತುಕೊಟ್ಟು ಕೇಳುವ ದಾರಿಯನ್ನು ಸರಿಯಾಗಿ ಇಟ್ಟುಕೊಳ್ಳದವನು ಪ್ರಮಾ‌ದದ ಅಪರಾಧಿ. ಉತ್ತರ ಬರಲಿಲ್ಲವೆಂಬುದೊಂದರಿಂದಲೇ ಮನಸ್ಸನ್ನು ನಿಶ್ಚಯಿಸಿದವನು ಅವಿಚಾರದ ಅಪರಾಧಿ. ಮೂರರಲ್ಲಿ ಮೊದಲನೆಯದು ಸಾಬೀತಾಗುವುದು ಅಪರೂಪ. ಕಡೆಯ ಎರಡು ದಿನದಿನವೂ ಮನೆಮನೆಯಲ್ಲಿ ನಡೆಯುತ್ತಿವೆ. ಯಂತ್ರಕ್ಕೆ ಪಾಪವಿಲ್ಲವಾದ್ದರಿಂದ, ಅದರ ಪಾಲೂ ಎರಡು ತುದಿಯ ಮನುಷ್ಯರಿಗೇ ಹಂಚಿಹೋಗುತ್ತದೆ.

ದೃಷ್ಟಾಂತದ ಮಗನು ಇಪ್ಪತ್ತನೆಯ ದಿನ, ಬೇರಾವುದೋ ಕಾರ್ಯಕ್ಕಾಗಿ 1ರ ಗುಂಡಿಯನ್ನು ಒತ್ತಿ ಹಿಡಿದಾಗ, ತಂದೆಯ ಮಾತನ್ನು ಕೇಳಿದನೆಂದಿಟ್ಟುಕೊಳ್ಳಬಹುದು. ಕೇಳಿದೊಡನೆ ಊರಿಗೆ ಕರೆಮಾಡಿದನು. ತಾಯಿಯ ಕಣ್ಣಿನ ಕಟ್ಟನ್ನು ಬಿಚ್ಚಿ ಆಗಲೇ ಕೆಲವು ದಿನಗಳಾಗಿದ್ದವು. ತಪ್ಪು ತನ್ನದೆಂದನು ಮಗ. ಇನ್ನೊಂದು ಸಲ ಕೂಗಬೇಕಾಗಿತ್ತೆಂದರು ತಂದೆ. ಸಮಾಧಾನವಾಯಿತು. ಆದರೆ ಸೋಮವಾರದ ಹಿಂದಿನ ರಾತ್ರಿ ಹೆದರಿಕೊಂಡು ಮಲಗಿದ್ದ ತಾಯಿಗೆ ಮಗನ ಮಾತು ಕೇಳಿಸಬೇಕಾಗಿದ್ದ ಹೊತ್ತು ಇನ್ನು ಮರಳಿ ಬರುವುದಿಲ್ಲ. ಮೀನಿನ ಹೊಟ್ಟೆಯಿಂದ ಉಂಗುರವು ಸಿಕ್ಕಿದ ಮೇಲೂ ದುಷ್ಯಂತನಿಗೆ ಮಗನ ತೊದಲು ನುಡಿಯ ವರ್ಷಗಳು ಮರಳಲಿಲ್ಲ. ದೋಷವನ್ನು ಕ್ರಮವಾಗಿ ಹುಡುಕುವವನಿಗೂ ಎಲ್ಲವೂ ದಕ್ಕುವುದಿಲ್ಲ; ಹುಡುಕದೆ ಶಪಿಸಿದವನಿಗೆ ಇರುವುದೂ ಉಳಿಯುವುದಿಲ್ಲ.